ಮುಖಪುಟಕ್ಕ ಯಾರ ಮುಖ?

ಹೋದ ವರ್ಷ ಏಪ್ರಿಲ್ 14ಕ್ಕೆ ನಮ್ಮ ಪುಟ್ಟ ಪತ್ರಿಕೆಯ ಹಾಡು ವಿಶೇಷಾಂಕ ತರಬೇಕೆಂದು ಹೊರಟೆವು. ಹೋರಾಟದ ಹಾಡು, ಚೌಡಿಕಿ ಪದ, ಮೊಹರಮ್ಮಿನ ರಿವಾಯತ ಪದ, ನಮ್ಮ ಅವ್ವಂದಿರ ಬೀಸುವ ಪದ ಎಲ್ಲ ಕೂಡಿ 80 ಪುಟ. ದುಡ್ಡು ಕೂಡಿಸಿದ್ದಾಯಿತು, ಪ್ರೂಫು ತಿದ್ದಿದ್ದಾಯಿತು. ಉಳಿದದ್ದು ಮುಖಪುಟ ಒಂದೇ. ಒಳಗಿನ 80 ಪುಟಕ್ಕೆ ಬೀಳದ ಜಗಳ ಹೊರಗಿನ ಒಂದು ಪುಟಕ್ಕೆ ಬಿತ್ತು. ಆ ಜಗಳದ ಕತೆಯನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಮೂರು ಜನ. ಮೂವರೂ ತಮ್ಮ ತಮ್ಮ ಮನೆಯಲ್ಲಿ ಮೊದಲ ಡಿಗ್ರಿ ಕಂಡವರು. ಕೆಳಗೆ ‘ನಮ್ಮಪ್ಪ’, ‘ನಮ್ಮ ಮಾಮಾ’ ಎಂದು ಬರುತ್ತದೆ. ಅವರು ಮೂವರಲ್ಲಿ ಒಬ್ಬನ ಅಪ್ಪ, ಅವನ ಸೋದರಮಾವ. ಆದರೂ ನಮ್ಮಪ್ಪ ಎಂದೇ ಬರೆಯುತ್ತೇವೆ. ಕೇರಿಯಲ್ಲಿ ಅಪ್ಪಂದಿರ ಕತೆ ಮನಿಮನಿಗೆ ಬ್ಯಾರೆ ಇರೂದಿಲ್ಲ.

ಮುಖಪುಟ ಮಾಡುವುದು ಹೇಗೆಂದು ನಮಗೆ ಯಾರು ಕಲಿಸಿದ್ದರು? ವಿಜಯಪುರದ ರದ್ದಿ ಅಂಗಡಿಯೊಂದರಲ್ಲಿ ಹಳೆಯ ಸಂಗೀತ ಪತ್ರಿಕೆಗಳ ಒಂದು ಗಂಟು ಕಿಲೋ ಲೆಕ್ಕದಲ್ಲಿ ಸಿಕ್ಕಿತು. ಹಿಂದಿ, ಮರಾಠಿ, ಇಂಗ್ಲಿಷು ಎಲ್ಲ ಇದ್ದವು. ಕಾಕಾ ಹಾಥರಸಿ 1935ರಲ್ಲಿ ಹಾಥರಸದಿಂದ ಶುರು ಮಾಡಿದ ‘ಸಂಗೀತ’, 1983ರಲ್ಲಿ ಚೆನ್ನೈಯಿಂದ ಹೊರಟ ‘ಶ್ರುತಿ’ ಇಂಥ ಹೆಸರುಗಳು ನಮ್ಮ ಕಿವಿಗೆ ಬಿದ್ದದ್ದೇ ಆಗ. ಗಂಟಿನೊಳಗೆ ಕ್ಯಾಸೆಟ್ಟಿನ ಹೊದಿಕೆಗಳಿದ್ದವು, ಉತ್ಸವಗಳ ಬಣ್ಣಬಣ್ಣದ ಪುಸ್ತಿಕೆಗಳೂ ಇದ್ದವು. ರೂಮಿನ ನೆಲದ ಮೇಲೆ ಎಲ್ಲ ಹಾಸಿದೆವು. ಚಾಪೆಯಷ್ಟಗಲ ಮುಖಗಳು. ರಾತ್ರಿಯಿಡೀ ನೋಡುತ್ತ ಕೂತೆವು. ಯಾವ ಪತ್ರಿಕೆಯನ್ನೂ ದೂರಲಿಕ್ಕೆ ಅಲ್ಲ. ಮುಖಪುಟವೂ ಒಂದು ಭಾಷೆ. ಅದರ ಅಕ್ಷರಮಾಲೆ ಕಲಿಯಲಿಕ್ಕೆ.

ಮೊದಲು ಕಂಡದ್ದು ಅಳತೆ. ಶಾಸ್ತ್ರೀಯ ಸಂಗೀತಗಾರನಾದರೆ ಮುಖ ಪುಟದ ತುಂಬ. ಹಿಂದೆ ಕಪ್ಪು ಪರದೆ. ಹಣೆಯ ಗೆರೆ, ಬೆರಳಿನ ಉಂಗುರ, ಕಿವಿಯ ಕೂದಲು ಸಹ ಎಣಿಸಬಹುದು. ಜಾನಪದ ಅಂದರೆ ಕ್ಯಾಮೆರಾ ಹಿಂದಕ್ಕೆ ಓಡುತ್ತದೆ. ಹತ್ತು ಹನ್ನೆರಡು ಜನ, ಕೆಂಪು ರುಮಾಲು, ಎದ್ದ ಧೂಳು, ಒಬ್ಬ ನೆಲ ಬಿಟ್ಟು ಜಿಗಿದವನು. ಒಬ್ಬನ ಮುಖವೂ ಗುರುತು ಹತ್ತುವುದಿಲ್ಲ.

ಎರಡನೆಯದು ಕಣ್ಣು. ಗವಾಯಿ ಕಣ್ಣು ಮುಚ್ಚಿರುತ್ತಾನೆ, ಅಂದರೆ ಅವನಿಗೊಂದು ಒಳಗಿದೆ. ನಮ್ಮವರು ಹಲ್ಲು ಕಿಸಿದು ಕ್ಯಾಮೆರಾ ನೋಡುತ್ತಾರೆ, ಅಂದರೆ ಅವರಿಗಿರುವುದು ಹೊರಗಷ್ಟೆ. ದುಃಖ, ಧ್ಯಾನ, ಯೋಚನೆ ಒಬ್ಬರ ಪಾಲಿಗೆ. ಹುರುಪು, ಕುಣಿತ, ಬೆವರು ಇನ್ನೊಬ್ಬರ ಪಾಲಿಗೆ.

ಮೂರನೆಯದು ಹೆಸರು. ದೊಡ್ಡವರ ತಲೆ ಕೆಲವು ಸಲ ಪತ್ರಿಕೆಯ ಹೆಸರಿನ ಮೇಲೇ ಬಂದು ಎರಡಕ್ಷರ ಮುಚ್ಚಿಬಿಟ್ಟಿರುತ್ತದೆ. ಅದು ತಪ್ಪಲ್ಲ, ಗತ್ತು. ಅವರೂ ನಿಮಗೆ ಗೊತ್ತು, ನಾವೂ ಗೊತ್ತು ಎಂದು ಪತ್ರಿಕೆ ಹೇಳುವ ರೀತಿ. ನಮ್ಮವರ ಚಿತ್ರದ ಕೆಳಗೆ ‘ಜಾನಪದ ಕಲಾವಿದರು’ ಎಂದಿರುತ್ತದೆ. ಹೆಸರಿಲ್ಲ, ಊರಿಲ್ಲ. ಹೆಸರಿನ ಹಿಂದಿನ ಬಿರುದಿನಲ್ಲೂ ಮೇಲುಕೀಳು ಇದೆ. ಗಂಡಸು ಹಿಂದೂ ಆದರೆ ಪಂಡಿತ, ಮುಸಲ್ಮಾನನಾದರೆ ಉಸ್ತಾದ, ಹೆಣ್ಣುಮಗಳು ಎಷ್ಟು ದೊಡ್ಡವಳಾದರೂ ಬರೀ ಬಾಯಿ ಎಂದು ಗಂಗೂಬಾಯಿ ಹಾನಗಲ್ ಹೇಳುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಊಟವಾದ ಮೇಲೆ ಎಲೆ ಎತ್ತಲಿಕ್ಕೆ ಹಚ್ಚುತ್ತಾರೇನೋ ಎಂಬ ಅಂಜಿಕೆ ಇತ್ತು. ಆ ಅಂಜಿಕೆ ಯಾವ ಮುಖಪುಟದ ಕಪ್ಪು ಪರದೆಯ ಮೇಲೂ ಕಾಣುವುದಿಲ್ಲ.

ನಾಲ್ಕನೆಯದು ಕತ್ತರಿ. ತಂಬೂರಿ ಹಿಡಿದು ಹಿಂದೆ ಕೂತವರ ಅರ್ಧ ಮುಖ ಪುಟದ ಅಂಚಿಗೆ ಹಾರಿರುತ್ತದೆ. ತಬಲಾದ ಮೇಲೆ ಕೈ ಇರುತ್ತದೆ, ಕೈಯ ಮಾಲಕ ಇರುವುದಿಲ್ಲ. ಆ ತಂಬೂರಿ ಮಾಡಿದವರು, ಆ ತೊಗಲು ಹದ ಮಾಡಿದವರು ಕತ್ತರಿಸಲಿಕ್ಕೂ ಸಿಗುವುದಿಲ್ಲ, ಏಕೆಂದರೆ ಅವರು ಚೌಕಟ್ಟಿನೊಳಗೆ ಬಂದೇ ಇಲ್ಲ. ನಮ್ಮ ಟಿಕೋಟಾ, ಅಥಣಿ ದಾಟಿ ಹೋದರೆ ಮಿರಜ. ಅಲ್ಲಿನ ಕುಶಲಕರ್ಮಿಗಳು ತಲೆಮಾರುಗಳಿಂದ ಸಿತಾರು, ತಂಬೂರಿ ಮಾಡುತ್ತ ಬಂದಿದ್ದಾರೆ. ಆ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕದ್ದು 2024ರಲ್ಲಿ. ಮೃದಂಗ ಮಾಡುವ ದಲಿತ ಕ್ರೈಸ್ತ ಮನೆತನಗಳ ಬಗ್ಗೆ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ತಂದದ್ದು 2020ರಲ್ಲಿ. ನುಡಿಸಿದವರ ಮುಖ ಜಗತ್ತಿಗೆ ಗೊತ್ತಾಗಿ ಎಷ್ಟು ವರ್ಷವಾಯಿತು?

ಇದೆಲ್ಲ ಹೊಸದೂ ಅಲ್ಲ. ನಮ್ಮೂರಿನಲ್ಲೇ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹ ಸಂಗೀತಕ್ಕೆ ಮರುಳಾದ ದೊರೆ. ‘ಕಿತಾಬೆ ನವರಸ’ ಬರೆದವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟವನು. ತಂಬೂರಿ ನುಡಿಸುವ ಇಬ್ರಾಹಿಂ, ಕೈಯಲ್ಲಿ ಚಿಟಿಕೆ ಹಿಡಿದ ಇಬ್ರಾಹಿಂ ಎಂದು ಚಿತ್ರಕಾರರು ಬರೆದ ಪಟಗಳು ಪರದೇಶದ ಮ್ಯೂಜಿಯಮ್ಮುಗಳಲ್ಲಿವೆ. ದೊರೆಯ ಕೈಯ ವಾದ್ಯಕ್ಕೂ ಹೆಸರಿದೆ. ಅದನ್ನು ಕೆತ್ತಿದವನ ಹೆಸರು ನಮ್ಮ ಬಾಯಿಗೆ ಬಂದಿಲ್ಲ.

ಸಿನೆಮಾಕ್ಕೆ ಬನ್ನಿ. 1977ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಯಾರಿಗೆ ಗೊತ್ತಿಲ್ಲ? ಕೃಷ್ಣಮೂರ್ತಿ ಪುರಾಣಿಕರ ಕೃತಿ, ರಾಜಕುಮಾರರ ನಟನೆ, ಬಿಸ್ಮಿಲ್ಲಾ ಖಾನರ ಉಸಿರು. ಮೂವರೂ ದೊಡ್ಡವರೇ. ಆದರೆ ಸನಾದಿ ಅಪ್ಪಣ್ಣ ಎಂದ ಕೂಡಲೆ ನಮ್ಮ ಕಣ್ಣಿಗೆ ಬರುವುದು ರಾಜಕುಮಾರರ ಮುಖ. ಬೀಳಗಿಯಲ್ಲಿ ಬದುಕಿದ್ದ ಆ ಸನಾದಿಯವರ ಮುಖ ನಮ್ಮ ಕಣ್ಣಿಗೆ ಬರುವುದಿಲ್ಲ.

ಪರದೇಶದಲ್ಲೂ ಇದೇ ಜಗಳ ನಡೆದಿದೆ. ಅಮೆರಿಕದ ಕರಿಯ ತುತ್ತೂರಿಗಾರ ಮೈಲ್ಸ್ ಡೇವಿಸ್ 1957ರಲ್ಲಿ ‘ಮೈಲ್ಸ್ ಅಹೆಡ್’ ಎಂಬ ರೆಕಾರ್ಡು ತಂದ. ಕಂಪನಿಯವರು ಅದರ ಹೊದಿಕೆಯ ಮೇಲೆ ದೋಣಿಯಲ್ಲಿ ಕೂತ ಬಿಳಿಯ ಹೆಂಗಸಿನ ಚಿತ್ರ ಹಾಕಿದರು. ಊದಿದವನು ಕರಿಯ, ಹೊದಿಕೆ ಬಿಳಿ. ಅವನು ಸುಮ್ಮನಿರಲಿಲ್ಲ. ಮುಂದಿನ ಅಚ್ಚುಗಳಲ್ಲಿ ಅವನ ಚಿತ್ರವೇ ಬಂತು. 1961ರ ಇನ್ನೊಂದು ರೆಕಾರ್ಡಿನ ಮೇಲೆ ತನ್ನ ಹೆಂಡತಿ ಫ್ರಾನ್ಸಿಸಳ ಮುಖ ಬರುವಂತೆ ಮಾಡಿದ. ಹೊದಿಕೆಯೂ ಹೋರಾಟದ ಜಾಗ ಎಂದು ಅವನಿಗೆ ಗೊತ್ತಿತ್ತು. ನಮ್ಮ ಬಾಬಾಸಾಹೇಬರಿಗೂ ಗೊತ್ತಿತ್ತು. 1920ರ ಜನವರಿ 31ರಂದು ‘ಮೂಕನಾಯಕ’ ಹೊರಟಾಗ ಪತ್ರಿಕೆಯ ನೆತ್ತಿಯ ಮೇಲೆ ತುಕಾರಾಮರ ಅಭಂಗ ಇತ್ತು. ಮೊದಲ ಪುಟದ ನೆತ್ತಿಯಲ್ಲಿ ಯಾರು ನಿಲ್ಲಬೇಕು ಎಂಬುದನ್ನು ಅವರು ಯೋಚಿಸದೆ ಬಿಟ್ಟವರಲ್ಲ.

ಇಷ್ಟೆಲ್ಲ ಕಲಿತು, ನಮ್ಮ ಮುಖಪುಟಕ್ಕೆ ಹಲಗಿಯೇ ಬರಬೇಕೆಂದು ನಿರ್ಧರಿಸಿದೆವು. ಕಪ್ಪು, ಕೆಂಪು, ಎರಡೇ ಬಣ್ಣ. ಗೆಳೆಯನ ಕ್ಯಾಮೆರಾ ಎರವಲು ತಂದು ಟಿಕೋಟಾ ಬಸ್ಸು ಹತ್ತಿದೆವು. ತೊರವಿ ಬಂತು. ಇಬ್ರಾಹಿಂ 1599ರಲ್ಲಿ ಕಟ್ಟಲು ಹಿಡಿದ ನವರಸಪುರ, 1624ರಲ್ಲಿ ಮಲಿಕ್ ಅಂಬರನ ದಂಡು ಹಾಳುಗೆಡವಿದ ನವರಸಪುರ. ಸಂಗೀತ ಮಹಲಿನ ಕಮಾನು ಕಿಟಕಿಯಿಂದ ಕಂಡು ಮರೆಯಾಯಿತು.

ಮಾಮಾ ಒಣದ್ರಾಕ್ಷಿ ಶೆಡ್ಡಿನ ಕೂಲಿ ಮುಗಿಸಿ ಸಂಜಿಗೆ ಮನೆಗೆ ಬಂದರು. ಅಂಗಳದಲ್ಲಿ ಕಣಕಿ ಹಚ್ಚಿ ಹಲಗಿ ಕಾಸಲು ಕೂತರು. ಪ್ಯಾಟ್ಯಾಗ ಈಗ ಫೈಬರ್ ಹಲಗಿ ಬಂದಾವ, ಕಾಸೂ ಕೆಲಸ ಇಲ್ಲ. ಮಾಮಾನದು ಇನ್ನೂ ತೊಗಲಿನದೇ. ನಾವು ಕ್ಯಾಮೆರಾ ಹಿಡಿದು ನಿಂತೆವು.

“ಮಾಮಾ, ರುಮಾಲ ಸುತ್ಕೋರಿ. ಸ್ವಲ್ಪ ನಗ್ರಿ. ಒಂದೀಟು ಜಿಗದ ಬಾರಸ್ರಿ.”

ಮಾಮಾ ನಮ್ಮ ಮುಖ ನೋಡಿದರು. “ಅಳ್ಯಾ, ನಾ ಹಲಗಿ ಬಾರಸಾಂವ. ಜಿಗಿಯೂದು ಕುಣಿಯೋರ ಕೆಲಸ. ಕಾಸುಮುಂದ ನಗೂದಲ್ಲ, ಕಿವಿ ಅದರ ಕಡೆ ಇರಬೇಕಾಗತೈತಿ.”

ರಾತ್ರಿಯಿಡೀ ನೆಲದ ಮೇಲೆ ಕೂತು ಯಾವುದನ್ನು ಬೈದಿದ್ದೆವೋ ಅದನ್ನೇ ನಾವು ಮಾಡಿಸಲು ಹೊರಟಿದ್ದೆವು. ನಾಚಿಕೆಯಾಯಿತು. ಮಾಮಾನನ್ನು ಅವರ ಪಾಡಿಗೆ ಬಿಟ್ಟೆವು. ಕಾಸಿದ ಹಲಗಿ ಹೆಗಲಿಗೆ ಹಾಕಿ, ಎಡಗೈಯಲ್ಲಿ ತೆಳ್ಳನ ಕಡ್ಡಿ, ಬಲಗೈಯಲ್ಲಿ ದಪ್ಪ ಕೋಲು ಹಿಡಿದು, ತಲೆ ತುಸು ವಾಲಿಸಿ ನಾದ ಕೇಳುತ್ತ ನಿಂತಾಗ ಒಂದು ಫೋಟೋ ಬಂತು. ಅದೇ ಸಾಕೆನ್ನಿಸಿತು. ಮಾಮಾನದು ಒಂದೇ ಕರಾರು: “ಹೆಸರ ಹಾಕ್ರಿ. ಹಲಗಿಯವ ಅಂತ ಬ್ಯಾಡ. ರೇಶನ್ ಕಾರ್ಡಿನಾಗ ಹೆಂಗೈತಿ ಹಂಗ, ಪೂರ್ತಿ.”

ವಿಜಯಪುರಕ್ಕೆ ಬಂದು ಡಿ.ಟಿ.ಪಿ. ಅಂಗಡಿಯ ಹುಡುಗನಿಗೆ ಫೋಟೋ ಕೊಟ್ಟೆವು. ಮರುದಿನ ನಮೂನೆ ತೋರಿಸಿದ. ಚೆಂದ ಇತ್ತು. ಮೊಬೈಲಿನಲ್ಲಿ ಮಾಮಾಗೆ ಕಳಿಸಿದೆವು. ಫೋನು ಬಂತು.

“ಇಂವ ಯಾರು?”

“ನೀವ ಮಾಮಾ.”

“ನಾ ಎಡಚ ಯಾವಾಗ ಆದೆ?”

ನೋಡಿದರೆ ಹೌದು. ಮುಖ ಎಡಕ್ಕೆ, ಬೆನ್ನುಕಟ್ಟಿನ ಕಡೆ ತಿರುಗಿದೆ, ಪುಟ ತೆರೆಯುವ ಕಡೆ ನೋಡಿದರೆ ಚೆಂದ ಎಂದು ಹುಡುಗ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿಬಿಟ್ಟಿದ್ದ. ಬಲಗೈ ಕೋಲು ಎಡಗೈಗೆ ಹೋಗಿತ್ತು. ಅವನನ್ನು ಏನು ಬೈಯುವುದು? ಸಿತಾರಿನವನ ಚಿತ್ರ ಹೀಗೆ ತಿರುವಿದ್ದರೆ ನಾಕು ಮಂದಿ ಓದುಗರು ಸಂಪಾದಕರಿಗೆ ಪತ್ರ ಹಾಕುತ್ತಿದ್ದರು. ಹಲಗಿಗೂ ಎಡ ಬಲ ಇದೆ ಎಂದು ಹಲಗಿಯ ಮನೆಯಲ್ಲಿ ಹುಟ್ಟಿದ ನಮಗೇ ಹೊಳೆಯಲಿಲ್ಲ. ನಾವು ಅದನ್ನು ಚಿಹ್ನೆಯಾಗಿ ನೋಡಿದ್ದೆವು. ಮಾಮಾ ವಾದ್ಯವಾಗಿ ನೋಡಿದರು.

ತಿರುವಿದ್ದನ್ನು ಸರಿ ಮಾಡಿಸಿ, ಅಚ್ಚಿಗೆ ಕೊಡುವ ಮುಂಚೆ ಬಬಲೇಶ್ವರದ ಕಡೆ ನಮ್ಮೂರಿಗೆ ಹೋದೆವು. ಅಪ್ಪ ನೋಡಲಿ ಎಂಬ ಆಸೆ. ಅಪ್ಪ ನೋಡಿದ. ಬಹಳ ಹೊತ್ತು ಮಾತಾಡಲಿಲ್ಲ.

“ಅಲ್ಲೋ ತಮ್ಮಾ, ಇದನ್ನ ಕೆಳಗ ಇಡಾಕ ನನಗ ನಲ್ವತ್ತು ವರ್ಷ ಹತ್ತಿದ್ವು. ನೀವು ಎತ್ತಿ ಪುಸ್ತಕದ ಮ್ಯಾಲ ಇಡಾಕತ್ತೀರಿ?”

ನಾವು ಹತ್ತನೇತ್ತಿ ಪರೀಕ್ಷೆಗೆ ಕೂತ ವರ್ಷ ಊರ ದೊಡ್ಡ ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದರು. ಹೆಣದ ಮುಂದೆ ಹಲಗಿ ಬಾರಿಸಲಿಕ್ಕೆ ಅಪ್ಪನಿಗೆ ಹೇಳಿಕಳಿಸಿದರು. ಅಪ್ಪ ಒಲ್ಲೆ ಅಂದ. ಅವತ್ತಿನಿಂದ ಮುಟ್ಟಲಿಲ್ಲ. ಆ ಮಳೆಗಾಲ ಪೂರ್ತಿ ನಮ್ಮ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವ್ವ ಟಿಕೋಟಾ ಕಡೆ ದ್ರಾಕ್ಷಿ ತೋಟಕ್ಕೆ ದುಡಿಯಲು ಹೋದಳು. ಆ ದುಡಿಮೆಯಲ್ಲಿ ನಾವು ಕಾಲೇಜು ಕಂಡೆವು, ಕವಿತೆ ಬರೆದೆವು, ಕವಿತೆಯಲ್ಲಿ ಹಲಗಿ ಬಾರಿಸಿದೆವು.

ನಾವು ವಾದಕ್ಕೆ ಇಳಿದೆವು. ಹಲಗಿ ನಮ್ಮ ದನಿ, ಜಾಥಾಗಳಲ್ಲಿ ಅದು ಹೆಂಗ ಗುಡುಗತೈತಿ, ನಿನಗ ಗೊತ್ತಿಲ್ಲ ಎಂದೆವು. ಅಪ್ಪ ಎದ್ದು ನಿಂತ. “ನಿಮಗ ಅದು ಹಾಡು. ನನಗ ಅದು ಹುಕುಂ.”

ಈ ಜಗಳ ನಮ್ಮ ಮನೆಯದಷ್ಟೇ ಅಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಊರಿನ ಹೀನ ಚಾಕರಿ ಬಿಡಿ ಎಂದರು. ತಮಿಳುನಾಡಿನಲ್ಲಿ ಪರೈ ವಾದ್ಯವನ್ನು ಗುಲಾಮಗಿರಿಯ ಗುರುತೆಂದು ಕೈಬಿಟ್ಟವರಿದ್ದಾರೆ, ಬಂಡಾಯದ ದನಿಯೆಂದು ಎತ್ತಿಕೊಂಡವರೂ ಇದ್ದಾರೆ. ಬಿಟ್ಟವರೂ ನಮ್ಮವರೇ, ಹಿಡಿದವರೂ ನಮ್ಮವರೇ. ಬಿಟ್ಟವನ ಮಗ ಹಿಡಿಯಬಲ್ಲ. ಆದರೆ ಅಪ್ಪ ಬಿಟ್ಟದ್ದನ್ನು ಅಳಿಸಿ ಹಿಡಿಯುವುದು ಮೋಸ. ಕೊನೆಗೆ ನಮಗೆ ತಿಳಿದದ್ದು ಇಷ್ಟು: ಮುಖಪುಟದ ಮೇಲೆ ಯಾರಿದ್ದಾರೆ ಎಂದು ಕೇಳುವುದು ಸಾಲದು. ಇರಲಿಕ್ಕೆ ಒಲ್ಲೆ ಅಂದವರು ಯಾರು, ಯಾಕೆ ಒಲ್ಲೆ ಅಂದರು ಎಂದೂ ಕೇಳಬೇಕು.

ಮನೆಯ ಗೋಡೆಯಲ್ಲಿ ಹಲಗಿ ತೂಗುಹಾಕುತ್ತಿದ್ದ ಕಟ್ಟಿಗೆಯ ಗೂಟ ಇನ್ನೂ ಇದೆ. ಹಲಗಿ ಹೋದ ಮೇಲೆ ಅದಕ್ಕೆ ನಮ್ಮ ಪಾಟೀಚೀಲ ಬಿದ್ದಿತ್ತು. ಈಗ ಖಾಲಿ. ಅದರ ಫೋಟೋ ತೆಗೆಯಲೇ ಎಂದು ಕೇಳಿದೆವು.

“ಗೂಟದ್ದು? ತಕ್ಕೋ. ಅದಕ್ಕ ನನ್ನ ಹೆಸರ ಹಾಕಬ್ಯಾಡ.”

ಒಬ್ಬರಿಗೆ ಹೆಸರು ಬೇಕು, ಒಬ್ಬರಿಗೆ ಬೇಡ. ಎರಡನ್ನೂ ನಡೆಸಿದೆವು. ಮುಂದಿನ ಪುಟಕ್ಕೆ ಮಾಮಾ, ಪೂರ್ತಿ ಹೆಸರಿನೊಂದಿಗೆ. ಹಿಂದಿನ ಪುಟಕ್ಕೆ ಖಾಲಿ ಗೂಟ, ಒಂದಕ್ಷರವೂ ಇಲ್ಲದೆ. ಒಳಗೆ ಮೊದಲ ಪುಟದಲ್ಲಿ ಅಪ್ಪನ ಮಾತು, ಒಂದು ಶಬ್ದವನ್ನೂ ತಿದ್ದದೆ. ಅಚ್ಚಾಗಿ ಬಂದ ಪತ್ರಿಕೆಯನ್ನು ಬಿಚ್ಚಿ ನೆಲಕ್ಕೆ ಬೋರಲು ಹಾಕಿದಾಗ ನಾವು ಎಣಿಸದ್ದೊಂದು ಕಂಡಿತು. ಎಡಕ್ಕೆ ಗೂಟ, ಬಲಕ್ಕೆ ಮಾಮಾ. ತಿರುವದೆ ಬಿಟ್ಟಿದ್ದರಿಂದ ಮಾಮಾ ಗೂಟದ ಕಡೆಗೇ ನೋಡುತ್ತಿದ್ದರು.

ಹಳ್ಳಿಯ ಮೇಷ್ಟ್ರುಗಳೇ, ಕಾಲೇಜಿನ ಗೆಳೆಯರೇ, ನಿಮ್ಮ ಶಾಲೆಯ ಕಪಾಟಿನಲ್ಲೂ ಹಳೆಯ ಪತ್ರಿಕೆಗಳಿವೆ. ಹುಡುಗರನ್ನು ಕೂಡಿಸಿ ಮುಖಪುಟಗಳನ್ನು ನೆಲಕ್ಕೆ ಹಾಸಿರಿ. ಯಾರ ಮುಖ ದೊಡ್ಡದು, ಯಾರಿಗೆ ಹೆಸರಿದೆ, ಯಾರ ಕಣ್ಣು ಎತ್ತ ನೋಡುತ್ತಿದೆ, ಕತ್ತರಿ ಎಲ್ಲಿ ಬಿದ್ದಿದೆ ಕೇಳಿರಿ. ಆಮೇಲೆ ಹುಡುಗರ ಮನೆಗೆ ಹೋಗಿ ಅವರ ಅಪ್ಪ ಅವ್ವನ್ನೂ ಕೇಳಿರಿ. ನಮಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ.

ಟಿಕೋಟಾದಲ್ಲಿ ಮಾಮಾ ಹತ್ತು ಪ್ರತಿ ಇಸಕೊಂಡು ಬೀಗರಿಗೆಲ್ಲ ಹಂಚಿದ್ದಾರೆ. ಬಬಲೇಶ್ವರದ ಕಡೆ ನಮ್ಮಪ್ಪನ ಮನೆಯಲ್ಲಿ ಒಂದೇ ಪ್ರತಿ ಇದೆ. ಮಾಡದಲ್ಲಿ, ದೀಪದ ಪಕ್ಕ, ಗೂಟದ ಚಿತ್ರ ಮೇಲೆ ಬರುವ ಹಾಗೆ ಅಪ್ಪ ಅದನ್ನು ಬೋರಲು ಇಟ್ಟಿದ್ದಾನೆ. ಊರಿಗೆ ಹೋದಾಗ ನಾವು ಅದನ್ನು ತಿರುವಿ ಇಡುವುದಿಲ್ಲ.