ಕಿನೋಸಾಕಿಯ ನಿಲುವಂಗಿ

ಜಪಾನು ದೇಶದ ಕ್ಯೋಟೋ ನಗರದಿಂದ ವೇಗದ ರೈಲಿನಲ್ಲಿ ಎರಡೂವರೆ ಗಂಟೆಗಳ ಕಾಲ ವಾಯವ್ಯಕ್ಕೆ ಪ್ರಯಾಣ ಮಾಡಿದರೆ ಕಿನೋಸಾಕಿ ಎಂಬ ಬಿಸಿನೀರ ಬುಗ್ಗೆಗಳ ಊರು ದೊರೆಯುತ್ತದೆ. ಹ್ಯೋಗೊ ಪ್ರಾಂತಕ್ಕೆ ಸೇರಿದ ಈ ಊರು ಬೆಟ್ಟಗಳ ನಡುವಣ ಕಿರಿದಾದ ಕಣಿವೆಯಲ್ಲಿದೆ. ಊರ ನಡುವೆ ಓತಾನಿ ಎಂಬ ಸಣ್ಣ ಹೊಳೆ. ಅದರ ಎರಡು ದಡಗಳಲ್ಲಿಯೂ ನೀರಿಗೆ ಬಾಗಿದ ವಿಲ್ಲೋ ಮರಗಳು. ಅಲ್ಲಲ್ಲಿ ಕಮಾನಿನ ಕಲ್ಲುಸೇತುವೆಗಳು. ಕಳೆದ ಶರತ್ಕಾಲದಲ್ಲಿ ಎರಡು ದಿನ ಇಲ್ಲಿ ತಂಗುವ ಸುಯೋಗವು ನಮಗೊದಗಿತು.

ಸಂಜೆಯಾಗುತ್ತಲೆ ಈ ಊರ ಬೀದಿಗಳಲ್ಲಿ ಕಾಣುವ ನೋಟವು ವಿಲಕ್ಷಣವಾದುದು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಕಾಲ ಗಿಣ್ಣಿನವರೆಗೆ ಇಳಿಬಿದ್ದ ಹತ್ತಿಯ ನಿಲುವಂಗಿಯನ್ನು ತೊಟ್ಟು, ಮರದ ಪಾದುಕೆಗಳನ್ನು ಮೆಟ್ಟಿ, ಕೈಯಲ್ಲೊಂದು ಟವೆಲು ಹಿಡಿದು ನಡೆಯುತ್ತಿರುತ್ತಾರೆ. ಇವರಲ್ಲಿ ಜಪಾನೀಯರಷ್ಟೇ ಅಲ್ಲ, ಯೂರೋಪಿನ ಆಜಾನುಬಾಹುಗಳೂ ಅಮೆರಿಕದವರೂ ಉಂಟು. ಕೆಲವರ ಅಂಗಿ ಮೊಳಕಾಲಿಗಿಂತ ತುಸುವೇ ಕೆಳಗಿರುವುದನ್ನು ಕಂಡರೆ ನಗು ತಡೆಯುವುದು ಕಷ್ಟ. ಆದರೆ ಊರವರು ನಗುವುದಿಲ್ಲ.

ಆ ನಿಲುವಂಗಿಗೆ ಯುಕಾತಾ ಎಂದು ಹೆಸರು. ಪೂರ್ವಕಾಲದಲ್ಲಿ ಶ್ರೀಮಂತ ಮನೆತನದವರು ಹಬೆಯ ಸ್ನಾನಕ್ಕೆ ಹೋಗುವಾಗ ತೊಡುತ್ತಿದ್ದ ನಾರುಬಟ್ಟೆಯೇ ಇದರ ಮೂಲ. ಮುಂದೆ ಹತ್ತಿಯು ಬಳಕೆಗೆ ಬಂದು ಇದು ಜನಸಾಮಾನ್ಯರ ಉಡುಪಾಯಿತು. ಕಿನೋಸಾಕಿಯಲ್ಲಿ ಇದನ್ನು ಕೊಳ್ಳಬೇಕಾಗಿಲ್ಲ. ಅತಿಥಿಯು ಕೊಠಡಿಗೆ ಬಂದೊಡನೆ ತಂಗುಮನೆಯವರೇ ಮಡಿಸಿಟ್ಟು ಕೊಡುತ್ತಾರೆ. ಒಂದೊಂದು ಮನೆಯದು ಒಂದೊಂದು ಮಾದರಿ.

ಸ್ನಾನದ ಉಡುಪು ಬೀದಿಗೆ ಬಂದುದೇಕೆ? ಈ ಊರಿನಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಅವುಗಳಲ್ಲೊಂದಾದ ಮಂದರಾ-ಯು ಎಂಬುದು ದೋಚಿ ಎಂಬ ಬೌದ್ಧ ಭಿಕ್ಷುವು 1000 ದಿನ ಪ್ರಾರ್ಥಿಸಿದುದರ ಫಲವಾಗಿ 720ರಲ್ಲಿ ಉದ್ಭವಿಸಿತೆಂದು ಐತಿಹ್ಯ. ಬಿಸಿನೀರು ಊರಿಗೆಲ್ಲ ಸೇರಿದ್ದು, ಅದನ್ನು ಯಾರೂ ತಮ್ಮ ಮನೆಯೊಳಕ್ಕೆ ತಿರುಗಿಸಿಕೊಳ್ಳಬಾರದೆಂಬುದು ಹಳೆಯ ಕಟ್ಟಳೆ. 1925ರ ಮೇ ತಿಂಗಳ ಭೂಕಂಪದಲ್ಲಿಯೂ ಅನಂತರದ ಬೆಂಕಿಯಲ್ಲಿಯೂ ಊರೇ ಸುಟ್ಟುಹೋಯಿತು. ಮತ್ತೆ ಕಟ್ಟಿದ ಮೇಲೆ, 1927ರಲ್ಲಿ ಒಂದು ತಂಗುಮನೆಯು ತನ್ನೊಳಗೇ ಸ್ನಾನಗೃಹವನ್ನು ಮಾಡಿಕೊಳ್ಳಲು ಹೊರಟಾಗ ದೊಡ್ಡ ವ್ಯಾಜ್ಯವೆದ್ದಿತು. ಅದು ಇತ್ಯರ್ಥವಾದುದು 1950ರಲ್ಲಿ. ಒಳಗೆ ಸ್ನಾನಗೃಹವಿರಬಹುದು, ಆದರೆ ಚಿಕ್ಕದಾಗಿರಬೇಕು ಎಂದು ಒಡಂಬಡಿಕೆಯಾಯಿತು. ಆದುದರಿಂದಲೇ ಇಂದಿಗೂ ಅತಿಥಿಗಳು ಬೀದಿಗಿಳಿದು ಒಂದು ಸ್ನಾನಗೃಹದಿಂದ ಮತ್ತೊಂದಕ್ಕೆ ನಡೆಯುತ್ತಾರೆ. ಊರೆಲ್ಲ ಒಂದೇ ತಂಗುಮನೆ, ರೈಲುನಿಲ್ದಾಣವೇ ಹೆಬ್ಬಾಗಿಲು, ಬೀದಿಗಳೇ ಮೊಗಸಾಲೆಗಳು ಎಂದು ಇಲ್ಲಿಯವರು ಹೇಳಿಕೊಳ್ಳುವುದುಂಟು. ಮೊಗಸಾಲೆಯಲ್ಲಿ ಸ್ನಾನದ ಬಟ್ಟೆಯುಟ್ಟು ನಡೆದರೆ ಯಾರು ಏನೆಂದಾರು?

ನಮ್ಮೊಡನೆ ಬಂದಿದ್ದ ಶಿವಮೊಗ್ಗೆಯ ಕಡೆಯ ಹಿರಿಯ ಮಿತ್ರರಿಗೆ ಇದು ಒಪ್ಪಿಗೆಯಾಗಲಿಲ್ಲ. “ಪರರ ವೇಷ ತೊಟ್ಟು ಬೀದಿ ಸುತ್ತುವುದು ಹಗಲುವೇಷದವರ ಕಸುಬು, ನಮಗೇಕೆ?” ಎಂದು ಅವರು ಕೋಟು ಷರಾಯಿಗಳಲ್ಲಿಯೇ ಹೊರಟರು. (ಕೋಟು ಯಾರ ವೇಷವೆಂದು ಕೇಳುವ ಧೈರ್ಯ ನಮಗಾಗಲಿಲ್ಲ.) ಅವರ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಒಂದು ಜನಾಂಗದ ಉಡುಪನ್ನು ಇನ್ನೊಬ್ಬರು ಆಟಕ್ಕೆಂದು ತೊಟ್ಟರೆ ಅದು ಅಣಕವಾಗಬಹುದು. ಆದರೆ ಮನೆಯವರೇ ಕೈಯಾರೆ ಕೊಟ್ಟುದನ್ನು ತೊಡುವುದು ಬೇರೆ. ಬೇಡವೆನ್ನುವುದೇ ಅಲ್ಲಿ ಬಿರುಸಾಗಿ ಕಾಣುತ್ತದೆ. ಆ ಸಂಜೆ ಸೇತುವೆಯ ಮೇಲೆ ಎಲ್ಲರ ಕಣ್ಣಿಗೂ ವಿದೇಶೀಯರಾಗಿ ಬಿದ್ದವರು ಕೋಟು ತೊಟ್ಟ ನಮ್ಮ ಮಿತ್ರರೊಬ್ಬರೇ.

ಆದರೂ ಕೊಟ್ಟ ಬಟ್ಟೆಯನ್ನು ಮನಬಂದಂತೆ ತೊಡಬಹುದೆಂದಲ್ಲ. ರಾತ್ರಿಯ ಊಟವಾದ ಮೇಲೆ ಯೂರೋಪಿನ ತರುಣನೊಬ್ಬನು ಯುಕಾತಾ ತೊಟ್ಟು ನಮ್ಮ ತಂಗುಮನೆಯ ಬಾಗಿಲಿಗೆ ಬಂದನು. ಪಾದುಕೆಗಳನ್ನು ಜೋಡಿಸುತ್ತಿದ್ದ ಮುದುಕಿಯು ಅವನನ್ನು ಕಂಡವಳೇ ಬೆಚ್ಚಿ ಎದ್ದು ಬಂದಳು. ಅವನ ನಡುಕಟ್ಟನ್ನು ತಾನೇ ಬಿಚ್ಚಿ, ಎರಡು ಸೆರಗುಗಳನ್ನೂ ಅದಲುಬದಲು ಮಾಡಿ, ಗಂಡಸರ ವಾಡಿಕೆಯಂತೆ ಕಿಬ್ಬೊಟ್ಟೆಯ ಕೆಳಗೆ ಬಿಗಿದು ಕಟ್ಟಿ, ಎದೆಯ ಮೇಲೆ ಮೆಲ್ಲನೆ ತಟ್ಟಿ ಕಳುಹಿದಳು. ಅವನಿಗೆ ಇದಾವುದೂ ತಿಳಿಯಲಿಲ್ಲ. ನಕ್ಕು ತಲೆಬಾಗಿ ಹೋದನು.

ಮಿತ್ರರು ಕಾರಣ ಕೇಳಿದರು. ತಂಗುಮನೆಯ ಯಜಮಾನನು ಇಂಗ್ಲಿಷಿನಲ್ಲಿ ವಿವರಿಸಿದನು: ಬಲಗಡೆಯ ಸೆರಗು ಮೊದಲು ಮೈಗೆ ಹತ್ತಬೇಕು, ಎಡಗಡೆಯದು ಅದರ ಮೇಲೆ ಬರಬೇಕು, ಹೆಂಗಸರಿಗೂ ಗಂಡಸರಿಗೂ ಇದೊಂದೇ ಕ್ರಮ. ಇದಕ್ಕೆ ವಿರುದ್ಧವಾಗಿ ಹೊದಿಸುವುದು ಶವಕ್ಕೆ ಮಾತ್ರ. ಈ ನಿಯಮವು ಬಹು ಹಳೆಯದು. ಪ್ರಜೆಗಳೆಲ್ಲರೂ ಹೀಗೆಯೇ ಉಡತಕ್ಕದ್ದೆಂದು 719ರಲ್ಲಿ ಗೆನ್‌ಶೋ ಸಾಮ್ರಾಜ್ಞಿಯ ಆಳಿಕೆಯಲ್ಲಿ ರಾಜಾಜ್ಞೆಯಾಗಿತ್ತು. ಎಂದರೆ ಐತಿಹ್ಯದಂತೆ ಈ ಬುಗ್ಗೆಯು ಚಿಮ್ಮುವುದಕ್ಕೆ ಒಂದು ವರ್ಷ ಮೊದಲು.

“ಅಪಸವ್ಯ!” ಎಂದರು ನಮ್ಮ ಮಿತ್ರರು.

ಜನಿವಾರವು ದೇವಕಾರ್ಯಕ್ಕೆ ಎಡಭುಜದ ಮೇಲೆ, ಪಿತೃಕಾರ್ಯಕ್ಕೆ ಬಲಭುಜದ ಮೇಲೆ ಎಂಬುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಶ್ರಾದ್ಧದ ದಿನ ಪುರೋಹಿತರು ಹೇಳಿದೊಡನೆ ಬದಲಿಸಿಕೊಂಡು, ಕರ್ಮ ಮುಗಿಯುತ್ತಲೆ ಮರೆಯದೆ ಹಿಂದಕ್ಕೆ ತರುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಸಂಪ್ರದಾಯಗಳು ಬೇರೆ, ಅವುಗಳ ಅರ್ಥವೂ ಬೇರೆ. ಆದರೂ ಬದುಕಿದವರ ಬದಿ ಒಂದು, ಹೋದವರ ಬದಿ ಇನ್ನೊಂದು ಎಂಬ ಎಚ್ಚರವು ಆ ಮುದುಕಿಗೂ ನಮ್ಮ ಮಿತ್ರರಿಗೂ ಸಮಾನವಾಗಿದ್ದಿತು. ಪರದೇಶದ ಹುಡುಗನ ಮೈಮೇಲೆ ಕ್ಷಣಕಾಲವೂ ಆ ಗುರುತು ನಿಲ್ಲಬಾರದೆಂದು ಅವಳು ಓಡಿಬಂದುದನ್ನು ನೆನೆದು ಮಿತ್ರರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು.

ಮರುದಿನ ಸಂಜೆ ನಾವು ಹೊರಡುವಷ್ಟರಲ್ಲಿ ಅವರ ಕೋಟು ಗೂಟಕ್ಕೆ ತೂಗುತ್ತಿತ್ತು. ನೀಲಿ ಗೆರೆಗಳ ಯುಕಾತಾ ತೊಟ್ಟು ಅವರು ಮೆಟ್ಟಿಲಿಳಿದು ಬಂದು, ಮುದುಕಿಯ ಮುಂದೆ ನಿಂತು, ಎಡಸೆರಗನ್ನು ಬೆರಳಿನಿಂದ ತೋರಿಸಿದರು. ಅವಳು ನೋಡಿ, ಸರಿಯೆಂದು ತಲೆಯಾಡಿಸಿ, ಪಾದುಕೆಗಳನ್ನು ಅವರ ಕಾಲಿನ ಬಳಿಗೆ ಸರಿಸಿದಳು. ನಮ್ಮಲ್ಲಿಯ ಹಾವುಗೆಗೆ ಹೆಬ್ಬೆರಳ ಸಂದಿಗೆ ಮರದ ಗುಬುಟು. ಇಲ್ಲಿಯದಕ್ಕೆ ಬಟ್ಟೆಯ ಪಟ್ಟಿ. ಮಿತ್ರರು ನಮಗಿಂತ ಚೆನ್ನಾಗಿ ನಡೆದರು.