ಸೇವಂತಿಗೆಗೆ ಬೇಕಾದ ಇರುಳು

ಹೊಸೂರಿನ ಸುತ್ತಲಿನ ಕೆಲವು ಸೇವಂತಿಗೆ ತೋಟಗಳಲ್ಲಿ ರಾತ್ರಿ ಸಾಲುಸಾಲಾಗಿ ಬಲ್ಬುಗಳು ಉರಿಯುತ್ತವೆ. ನೋಡಿದವರು ಕಳ್ಳರ ಕಾವಲಿಗೆಂದು ಭಾವಿಸುವುದುಂಟು. ವಾಸ್ತವವಾಗಿ ಆ ಬೆಳಕು ಗಿಡಗಳಿಗಾಗಿ.

ಸಸ್ಯಕ್ಕೆ ಬೆಳಕಿನಿಂದ ಎರಡು ಪ್ರಯೋಜನಗಳಿವೆ. ಒಂದು ಆಹಾರ ತಯಾರಿಕೆ. ಅದಕ್ಕೆ ಬೆಳಕು ಹೇರಳವಾಗಿ ಬೇಕು. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ದೀಪವಿರುವ ನಮ್ಮ ಕೋಣೆಯಲ್ಲಿ ಕೆಲವು ನೂರು ಮಾತ್ರ. ಮನೆಯೊಳಗಿನ ಕುಂಡದ ಗಿಡ ಸೊರಗುವುದು ಇದರಿಂದಲೇ. ಇನ್ನೊಂದು, ಕಾಲವನ್ನು ಅರಿಯುವುದು. ಇದಕ್ಕೆ ಮಂದ ಬೆಳಕೇ ಸಾಕು. ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ, ಅಖಂಡವಾದ ಕತ್ತಲೆ ಬೇಕು. ನಡುರಾತ್ರಿ ಕೆಲವು ಗಂಟೆ ದೀಪ ಉರಿದರೆ ಗಿಡವು ಹೂವನ್ನು ಮುಂದೂಡಿ ಕಾಂಡವನ್ನು ಬೆಳೆಸಿಕೊಳ್ಳುತ್ತದೆ. 1912ರಲ್ಲಿ ಫ್ರಾನ್ಸಿನ ಟೂರ್ನ್ವಾ ಗಾಂಜಾ ಗಿಡದಲ್ಲಿಯೂ, 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಹೊಗೆಸೊಪ್ಪಿನಲ್ಲಿಯೂ ಇಂಥ ಗುಣವನ್ನು ವಿವರಿಸಿದರು.

ನಮ್ಮಣ್ಣ ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ ದೀಪ ಆರಿಸುತ್ತಾರೆ. ಅದಕ್ಕೆ ಮೊದಲೇ ಹಲವು ರಾತ್ರಿ ಕರೆಂಟು ಕೈಕೊಟ್ಟರೆ ಗಿಡ್ಡ ಗಿಡದಲ್ಲೇ ಮೊಗ್ಗು ಮೂಡುತ್ತದೆ. ವರ್ಷದ ಸಂಪಾದನೆಗೇ ಪೆಟ್ಟು. ಅವರಿಗೆ ಲೆಕ್ಕ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಏಳನೆಯ ತರಗತಿಯ ನನ್ನ ಮಗಳು ಅದನ್ನು ಓದಿ, “ದೊಡ್ಡಪ್ಪ, ಗಿಡ ಅಳೆಯುವುದು ಹಗಲನ್ನಲ್ಲ, ಇರುಳನ್ನು” ಎಂದು ತಿಳಿಸಿದಳು. ಅವರು ಮರುಪ್ರಶ್ನೆ ಕೇಳಿದರು. ಮಾತು ಬಹಳ ಹೊತ್ತು ಸಾಗಿತು.

ವಿಜ್ಞಾನಕ್ಕೆ ಕನ್ನಡ ಸಾಲದು, ಮುಂದಿನ ವರ್ಷ ಮಾಧ್ಯಮ ಬದಲಿಸಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ. ಬೆಳೆಯುವವರೂ ಓದುವವರೂ ಒಂದೇ ನುಡಿಯಲ್ಲಿ ಕೇಳಿ ಹೇಳಿಕೊಳ್ಳುವ ಈ ಅನುಕೂಲವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.