ಬಾಣ ಬಿಡದ ಬೇಟೆ

ಬೇಟೆಯ ಕಥೆ ಹೇಳಲು ಚಿಪ್ಪಗಿರಿಗಿಂತ ಒಗ್ಗದ ಊರು ಇನ್ನೊಂದಿರಲಿಕ್ಕಿಲ್ಲ. 1755ರ ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರು ದೇಹವಿಟ್ಟ ನೆಲ ಇದು. ಇಲ್ಲಿಗೆ ಬರುವವರು ದೇವರನಾಮ ಕೇಳಲು ಬರುತ್ತಾರೆಯೇ ಹೊರತು ಹಂದಿ ಹೊಡೆದ ವರ್ತಮಾನ ಕೇಳಲು ಅಲ್ಲ. ಆದರೆ ಈ ಸೀಮೆ ವಾಲ್ಮೀಕಿ ಬೋಯರದೂ ಹೌದು; ಬೇಟೆ ಅವರ ಹಿರಿಯರ ವಿದ್ಯೆ. ಹಾಗಾಗಿ ದಕ್ಷಿಣ ಆಫ್ರಿಕದಿಂದ ರಜೆಗೆ ಬಂದ ನಮ್ಮಕ್ಕನ ಮಗ ತನ್ನ ಮೊದಲ ಬಿಲ್ಲುಬೇಟೆಯ ಪ್ರತಾಪ ಬಿಚ್ಚಿದಾಗ, ಕೇಳಲು ತಕ್ಕ ತಾತನೊಬ್ಬ ಕಟ್ಟೆಯ ಮೇಲೆ ಕೂತಿದ್ದ.

ಹುಡುಗ ಮೊದಲು ಬಿಲ್ಲನ್ನೇ ಬಣ್ಣಿಸಿದ. ಎರಡು ತುದಿಗೂ ಗಾಲಿಗಳಿರುವ ಕಾಂಪೌಂಡ್ ಬಿಲ್ಲು. ಅಮೆರಿಕದ ಅಲೆನ್ ಎಂಬವನು 1969ರಲ್ಲಿ ಪೇಟೆಂಟ್ ಪಡೆದದ್ದು. ಹೆದೆಯನ್ನು ಪೂರಾ ಎಳೆದ ಮೇಲೆ ಭಾರ ತಾನೇ ಇಳಿದುಬಿಡುತ್ತದಂತೆ; ಆರಾಮವಾಗಿ ಗುರಿ ಹಿಡಿಯಬಹುದು. ಲಿಂಪೋಪೋ ಪ್ರಾಂತ್ಯದ ಖಾಸಗಿ ಬೇಟೆ ಜಮೀನು, ಸುತ್ತ ತಂತಿಬೇಲಿ, ಜೊತೆಗೆ ಲೈಸೆನ್ಸ್ ಇರುವ ಮಾರ್ಗದರ್ಶಿ, ನೀರಿನ ಹೊಂಡದ ಪಕ್ಕ ಅಡಗಿ ಕೂರಲು ಗೂಡು. ಹೊಡೆದ ಪ್ರಾಣಿಗೆ ತಕ್ಕ ದರ. ಬಾಣ ತಾಗಿ ರಕ್ತ ಬಂದರೆ, ಪ್ರಾಣಿ ತಪ್ಪಿಸಿಕೊಂಡರೂ ಹಣ ಕಟ್ಟಬೇಕು.

"ಅದು ನ್ಯಾಯ ಬಿಡು" ಎಂದ ತಾತ. "ಗಾಳಿ ಯಾ ಕಡಿಗಿತ್ತಪಾ?"

ನಾವೆಲ್ಲ ಬಿಲ್ಲಿನ ಬೆಲೆ ಕೇಳಿದ್ದೆವು. ಗಾಳಿಯನ್ನು ಕೇಳಿದವನು ತಾತನೊಬ್ಬನೇ. ಮಾರ್ಗದರ್ಶಿ ಸಣ್ಣ ಬಾಟಲಿಯಿಂದ ಪೌಡರ್ ಊದಿ ಗಾಳಿ ನೋಡುತ್ತಿದ್ದ ಎಂದು ಹುಡುಗ ಹೇಳಿದ. "ನಾವು ಮಣ್ಣು ತೂರಿ ನೋಡ್ತಿದ್ವಿ" ಎಂದು ತಾತ ನಕ್ಕ.

ಗೂಡಿನೊಳಗೆ ಕೆಮ್ಮುವಂತಿಲ್ಲ, ಸೊಳ್ಳೆ ಹೊಡೆಯುವಂತಿಲ್ಲ. ಬಿಸಿಲೇರಿದ ಮೇಲೆ ಇಂಪಾಲಾ ಜಿಂಕೆಗಳು ಬಂದವು. ಇಪ್ಪತ್ತೈದು ಮೀಟರ್ ದೂರ. ಹುಡುಗನ ಎದೆಬಡಿತ ಅವನಿಗೇ ಕೇಳುತ್ತಿತ್ತು. ಬಾಣ ಬಿಟ್ಟ, ಗಂಡು ಜಿಂಕೆ ಮೈ ಕುಗ್ಗಿಸಿತು, ಬಾಣ ಬೆನ್ನಿನ ಮೇಲಿಂದ ಹಾರಿ ಮಣ್ಣಿಗೆ ನಾಟಿತು.

ಇದರಲ್ಲಿ ಮಾಯೆಯಿಲ್ಲ, ಲೆಕ್ಕವಿದೆ. ಹೆದೆಯ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಬಾಣ 80ರ ಆಸುಪಾಸು. ಬಾಣ ಮುಟ್ಟುವಷ್ಟರಲ್ಲಿ ಸದ್ದು ಮುಟ್ಟಿ, ಜಿಂಕೆ ಓಡಲೆಂದು ಕಾಲು ಮಡಿಸಿಯೂ ಆಗಿರುತ್ತದೆ.

"ದೇವರು ಅದಕ್ಕ ಕಿವಿ ಕೊಟ್ಟಾನ, ನಿನಗ ಬರೇ ರೊಕ್ಕ ಕೊಟ್ಟಾನ" ಎಂದು ತಾತ ತೀರ್ಪಿತ್ತ.

ಬಂದೂಕು ದೂರದಿಂದ ಕೆಲಸ ಮುಗಿಸುತ್ತದೆ. ಬಿಲ್ಲು ಹತ್ತಿರಕ್ಕೆ ಬಾ ಎನ್ನುತ್ತದೆ. ಕಲಹಾರಿಯ ಸಾನ್ ಬೇಟೆಗಾರರು ಜೀರುಂಡೆ ಮರಿಯ ವಿಷ ಸವರಿದ ಹಗುರ ಬಾಣ ಬಿಟ್ಟು, ನಿಧಾನಕ್ಕೆ ಏರುವ ಆ ವಿಷವನ್ನು ನಂಬಿ ಗಂಟೆಗಟ್ಟಲೆ ಹೆಜ್ಜೆಯ ಜಾಡು ಹಿಡಿಯುತ್ತಾರೆ. ಬಾಣ ಬಿಡುವುದು ಅವರ ಬೇಟೆಯಲ್ಲಿ ಒಂದು ಗಳಿಗೆಯ ಮಾತು. ಮಿಕ್ಕದ್ದೆಲ್ಲ ನೋಡುವುದು, ಕಾಯುವುದು. ಮೊನ್ನೆಮೊನ್ನೆಯವರೆಗೆ ನಮ್ಮ ಕರ್ನೂಲು ಜಿಲ್ಲೆಯಲ್ಲೇ ಇದ್ದ ಅಹೋಬಿಲದ ನರಸಿಂಹ ಅದನ್ನೂ ಮೀರಿಸಿದವನು. ಚೆಂಚು ಲಕ್ಷ್ಮಿಯ ಕೈಹಿಡಿದ ಈ ದೇವರು ಸಂಕ್ರಾಂತಿ ಕಳೆಯುತ್ತಲೇ ಪಾರುವೇಟೆಗೆ ಹೊರಟು, ತಿಂಗಳಿಗೂ ಮಿಕ್ಕಿ ಊರೂರು ಸುತ್ತಿ, ಪೂಜೆ ಪಡೆದು, ಏನನ್ನೂ ಕೊಲ್ಲದೆ ಗುಡಿಗೆ ಮರಳುತ್ತಾನೆ.

ನಮ್ಮ ಪಾಲಿಗೂ ಈಗ ಉಳಿದಿರುವುದು ಆ ಬಗೆಯ ಬೇಟೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿತು. ನಮ್ಮ ಎರೆಹೊಲಗಳಲ್ಲಿ ಓಡಾಡುವ ಚಿಗರಿ, ಅಂದರೆ ಕೃಷ್ಣಮೃಗ, ಆಂಧ್ರದ ರಾಜ್ಯಪ್ರಾಣಿ. ಕೊಂದವನಿಗೆ ಮೂರರಿಂದ ಏಳು ವರ್ಷ ಜೈಲು. ಮೊಳಕೆ ಮೇಯ್ದು ಹೋದ ಹಿಂಡಿನ ಮೇಲೆ ರೈತನ ಸಿಟ್ಟು ಸುಳ್ಳಲ್ಲ, ಅವನಿಗೆ ಪರಿಹಾರ ಸಲ್ಲಲೇಬೇಕು. ಆದರೂ ಆ ಕಾಯ್ದೆ ಬೇಟೆಯಿಂದ ಕಿತ್ತುಕೊಂಡದ್ದು ಕೊನೆಯ ಗಳಿಗೆಯನ್ನಷ್ಟೇ. ಗಾಳಿ ಅರಿಯುವುದು, ಜಾಡು ಓದುವುದು, ಉಸಿರು ಬಿಗಿಹಿಡಿದು ಕೂರುವುದು ಇವಕ್ಕೆ ಯಾವ ಕಾಯ್ದೆಯ ಅಡ್ಡಿಯೂ ಇಲ್ಲ. ಲಿಂಪೋಪೋಕ್ಕೆ ವಿಮಾನ ಹತ್ತಬೇಕಾಗಿಯೂ ಇಲ್ಲ.

ಮನಸ್ಸಿದ್ದವರು ಹಿಂಗಾರಿ ಕಡಲೆಯ ಕಾಲಕ್ಕೆ ನಮ್ಮ ಕಡೆ ಬನ್ನಿ. ಮೈಗೆ ಸೆಂಟು ಬೇಡ. ಹೊಲದ ಯಜಮಾನನ ಅಪ್ಪಣೆ ಪಡೆದು, ಬೆಳಕು ಹರಿಯುವ ಮೊದಲೇ ಗಾಳಿಗೆ ಮುಖಮಾಡಿ ಬದುವಿನ ಮೇಲೆ ಕೂರಿ. ಕಡಲೆಗಿಡಕ್ಕೆ ಮಾತ್ರ ಕೈಹಾಕಬೇಡಿ; ನಿಮ್ಮ ಪಾಲನ್ನು ಚಿಗರಿ ಆಗಲೇ ತಿಂದಿರುತ್ತದೆ.